ಕೇಳುವುದರಲ್ಲಿ ತಪ್ಪೇನು

ಅರ್ಧ ಮುಖ ಬೋಳಿಸಿಕೊಂಡಾಗಿತ್ತು. ಇನ್ನರ್ಧಕ್ಕೆ ಬ್ಲೇಡು ತಾಗಿಸಬೇಕು ಎನ್ನುವಷ್ಟರಲ್ಲಿ ತಾನು ಬರೆದ ವಾಕ್ಯ ತನ್ನ ಮನೆಯೊಳಗೇ ಕೇಳಿಸಿ ಅವನ ಕೈ ನಿಂತಿತು. ದನಿ ಅಕ್ಕನ ಕೋಣೆಯಿಂದ ಬರುತ್ತಿತ್ತು. ಓದುತ್ತಿದ್ದದ್ದು ಮನುಷ್ಯರಲ್ಲ, ಅಕ್ಕನ ಕಂಪ್ಯೂಟರು. ಉಸಿರೆಳೆದುಕೊಳ್ಳದ, ಯಾರ ಮೇಲೂ ಸಿಟ್ಟಿಲ್ಲದ, ಸಾವಿನ ಸುದ್ದಿಯನ್ನೂ ಸೋಪಿನ ಜಾಹೀರಾತನ್ನೂ ಒಂದೇ ಸಮ ಓದುವ ದನಿ. ‘ಈ ಪ್ರೋಗ್ರಾಮನ್ನು ಬರೆದವರು ಯಾರು? ನಾಳೆ ಏನಾದರೂ ಆದರೆ ನಾವು ಯಾರ ಬಾಗಿಲು ತಟ್ಟಬೇಕು? ಕೇಳುವುದರಲ್ಲಿ ತಪ್ಪೇನು?’ ಅವನಿಗೆ ಮೊದಲು ಆದದ್ದು ಭಯವಲ್ಲ, ನಾಚಿಕೆಯೂ ಅಲ್ಲ; ಎರಡನೆಯ ಪ್ರಶ್ನೆ ಸ್ವಲ್ಪ ಉದ್ದವಾಯಿತಲ್ಲ ಎನ್ನಿಸಿತು. ಆಮೇಲೆ, ಥೂ, ಎಂಥ ಜನ್ಮ ಇದು ಎನ್ನಿಸಿತು. ದನಿ ಅಲ್ಲಿಗೇ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಅದೇ ಜಾಗದಿಂದ ಓದತೊಡಗಿತು. ಅಕ್ಕ ಕೀಲಿ ಒತ್ತಿ ಒತ್ತಿ ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು. ನಲ್ಲಿಯ ನೀರು ಸುಮ್ಮನೆ ಹರಿದುಹೋಗುತ್ತಿದ್ದುದು ಅವನಿಗೆ ತಡವಾಗಿ ಗೊತ್ತಾಯಿತು, ನಿಲ್ಲಿಸಿದ.

ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣದು. ಒಂದು ದೊಡ್ಡ ಆಸ್ಪತ್ರೆಯಲ್ಲಿ, ಡಾಕ್ಟರುಗಳು ಮೈಕಿನಲ್ಲಿ ಹೇಳಿಟ್ಟ ಮಾತುಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿ ವರದಿ ಟೈಪು ಮಾಡುವುದು ಅವಳ ಕೆಲಸ. ಎಕ್ಸ್‌ರೇ ಡಾಕ್ಟರೊಬ್ಬರು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಜನರ ಶ್ವಾಸಕೋಶದ ಬಗ್ಗೆ ಮಾತಾಡುತ್ತಾರೆಂದೂ, ಅವರು ಬಿಸ್ಕತ್ತು ಬದಲಾಯಿಸಿದರೆ ತನಗೆ ಅವತ್ತೇ ಗೊತ್ತಾಗುತ್ತದೆಂದೂ ಹೇಳಿ ನಗುತ್ತಿದ್ದಳು. ಟೈಪಾದದ್ದನ್ನು ಅವಳಿಗೆ ಓದಿ ಹೇಳುವುದು ಈ ಪ್ರೋಗ್ರಾಮು. ಅದಕ್ಕೆ ಬೆಲೆಯಿಲ್ಲ, ಯಜಮಾನನಿಲ್ಲ. ಎಲ್ಲೆಲ್ಲೋ ಕೂತ ಯಾರ್ಯಾರೋ ತಮ್ಮ ಬಿಡುವಿನಲ್ಲಿ ಬರೆದದ್ದು. ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ತಿದ್ದಿದ್ದು ಸರಿಯೆಂದು ಬಲ್ಲವರು ನೋಡಿ ಒಪ್ಪಿದರೆ ಸೇರಿಸಿಕೊಳ್ಳುತ್ತಾರೆ, ತಿದ್ದಿದವರ ಹೆಸರನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಅದಿಲ್ಲದಿದ್ದರೆ ಅಕ್ಕನ ಪಾಲಿಗೆ ಕಂಪ್ಯೂಟರು ಬರೀ ಬೆಚ್ಚಗಿನ ಡಬ್ಬ. ಇದೇ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಮನ್ನು ಒಂದು ಕಂಪನಿ ದುಬಾರಿ ಬೆಲೆಗೆ ಮಾರುತ್ತದೆ. ಪುಕ್ಕಟೆ ಸಿಕ್ಕುವುದನ್ನು ಜನ ಬಿಟ್ಟು ಇದನ್ನು ಕೊಳ್ಳಬೇಕಾದರೆ ಪುಕ್ಕಟೆಯದರ ಮೇಲೆ ಒಂದಿಷ್ಟು ಅನುಮಾನ ಬೀಳಬೇಕು. ಆ ಅನುಮಾನವನ್ನು ತಯಾರು ಮಾಡಿಕೊಡುವ ಕಛೇರಿಯಲ್ಲಿ ಅವನಿಗೆ ನೌಕರಿ. ಕಂಪನಿಗಳಿಗೆ ಬರೆದುಕೊಡುತ್ತೇನೆ ಎಂದಷ್ಟೇ ಅಕ್ಕನಿಗೆ ಹೇಳಿದ್ದ. ಅದು ಸುಳ್ಳೇನೂ ಅಲ್ಲ.

ಸುಳ್ಳು ಹೇಳುವುದು ಅವರ ಕಛೇರಿಯಲ್ಲಿ ನಿಷಿದ್ಧ. ಅದನ್ನು ನಡೆಸುವವರು ಹಿಂದೆ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದವರು, ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೊಸಬರು ಬಂದ ದಿನವೇ ಮೇಷ್ಟ್ರು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು: ಹೇಳಿದರೆ ಸಿಕ್ಕಿಬೀಳುತ್ತೀರಿ, ಪ್ರಶ್ನೆ ಕೇಳಿ, ಕೇಳಿದವನ ಮೇಲೆ ಯಾವ ಕೋರ್ಟಿನಲ್ಲೂ ದಾವೆ ಹೂಡಲಾಗುವುದಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಜನ ನಂಬಿದ್ದಾರಲ್ಲ, ಹಾಗಾಗಿ ಬೆಂಕಿಯ ಗೊಡವೆ ನಮಗೆ ಬೇಡ, ಹೊಗೆ ಸಾಕು. ಬರೆದು ಕೊಟ್ಟ ಹಾಳೆಯಲ್ಲಿ ಪೂರ್ಣವಿರಾಮ ಕಂಡರೆ ಕೆಂಪು ಗೀಟು ಎಳೆದು ವಾಪಸು ಕೊಡುತ್ತಿದ್ದರು. ಮೊದಮೊದಲು ಇದು ಆಟದ ಹಾಗೆ ಇತ್ತು. ಕಾಫಿ ಕುಡಿಯುವಾಗ ಒಬ್ಬರನ್ನೊಬ್ಬರು ಪ್ರಶ್ನೆಯಲ್ಲೇ ಮಾತಾಡಿಸಿ ನಗುತ್ತಿದ್ದರು. ಹಣ ಕೊಡುವ ಕಂಪನಿಯನ್ನು ಬೀಗರು ಎಂದು ಕರೆಯುತ್ತಿದ್ದರು, ಏನು ಮಾಡಿದರೂ ಅವರ ಮುಖ ಗಂಟಿಕ್ಕಿಕೊಂಡೇ ಇರುತ್ತದೆಂದು. ವರ್ಷಗಳು ಕಳೆದಂತೆ ಆಟ ಹೋಗಿ ನಾಲಿಗೆಯೇ ಹಾಗಾಯಿತು. ಅಂಗಡಿಯವನು ಚಿಲ್ಲರೆ ಸರಿಯಿದೆಯಾ ಎಂದರೆ ‘ಸರಿಯಿಲ್ಲದೆ ಏನು?’ ಎನ್ನುವನು. ಊಟ ಆಯಿತಾ ಎಂದು ಅಕ್ಕ ಕೇಳಿದರೆ ‘ಆಗದೆ ಇರುತ್ತಾ?’ ಅನ್ನುವನು. ಮದುವೆ ಮಾತು ಬಂದ ಕಾಲದಲ್ಲಿ ಆ ಹುಡುಗಿ, ನಿಮಗೆ ನಾನು ಇಷ್ಟವೋ ಇಲ್ಲವೋ ಎಂದು ನೇರವಾಗಿ ಕೇಳಿದಾಗ ಅವನು ಏನೋ ಒಂದನ್ನು ತಿರುಗಿ ಕೇಳಿದ್ದ; ಏನು ಕೇಳಿದ್ದನೆಂದು ಈಗ ನೆನಪಿಲ್ಲ. ಅವಳು ಚೀಲ ಎತ್ತಿಕೊಂಡು ಎದ್ದದ್ದು ನೆನಪಿದೆ. ನಿನ್ನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಣೋ, ಈಚೆಗೂ ಇಲ್ಲ ಆಚೆಗೂ ಇಲ್ಲ ಎಂದು ಅಕ್ಕ ಅವತ್ತು ಬೈದಿದ್ದಳು.

ಆದರೆ ಬರೀ ಹೊಗೆಗೆ ಯಾರೂ ಕೆಮ್ಮುವುದಿಲ್ಲ, ಒಂದು ಚಿಟಿಕೆ ನಿಜ ಬೇಕು ಎನ್ನುವುದು ಮೇಷ್ಟ್ರ ಇನ್ನೊಂದು ಪಾಠ. ಆಸ್ಪತ್ರೆಗಳನ್ನು ಗುರಿಯಾಗಿಟ್ಟು ಬರೆಯುವ ಕೆಲಸ ಬಂದಾಗ ಅವನು ‘ಒಬ್ಬ ನಿವೃತ್ತ ದಾದಿ’ ಆದ. ದಾದಿಗೆ ಮಂಡಿನೋವು ಕೊಟ್ಟ, ನಲವತ್ತು ವರ್ಷದ ಸೇವೆ ಕೊಟ್ಟ, ರೋಗಿಗಳ ಗುಟ್ಟು ಕಾಪಾಡಿದ ಹೆಮ್ಮೆ ಕೊಟ್ಟ. ಎಲ್ಲ ಚೆನ್ನಾಗಿ ಬಂತು, ನಿಜ ಮಾತ್ರ ಸಿಗಲಿಲ್ಲ. ಆ ಪ್ರೋಗ್ರಾಮಿನ ಬಗ್ಗೆ ಅವನಿಗೆ ತಿಳಿದಿದ್ದ ನಿಜವೆಲ್ಲ ಮನೆಯದೇ. ಮೇಷ್ಟ್ರು ಎರಡು ಸಲ ಹಾಳೆ ವಾಪಸು ಮಾಡಿದ ಮೇಲೆ, ಸಂಜೆ ಎಲ್ಲರೂ ಎದ್ದು ಹೋಗುತ್ತಿದ್ದ ಹೊತ್ತಿನಲ್ಲಿ, ಹಸಿವಾಗಿ, ತಲೆ ಸಿಡಿಯುತ್ತಿರುವಾಗ ಬರೆದುಬಿಟ್ಟ: ‘ಪರದೆಯನ್ನು ಕಣ್ಣಿಂದ ನೋಡಲಾರದವರು ಸಹ ಊಟದ ಮೇಜಿನ ಮುಂದೆ ಕೂತು ಈ ಪ್ರೋಗ್ರಾಮನ್ನು ತಿದ್ದಿದ್ದಾರೆಂಬುದು ನಿಮಗೆ ಗೊತ್ತೇ? ನಿಮ್ಮ ತಾಯಿಯ ವರದಿ ಅಂಥವರ ಕೈಯಲ್ಲಿ ಹಾದುಬರುವುದು ನಿಮಗೆ ಸಮ್ಮತವೇ?’ ಮೇಷ್ಟ್ರು ಓದಿ ತಲೆದೂಗಿದರು. ಊಟದ ಮೇಜು ಚೆನ್ನಾಗಿದೆ ಎಂದರು, ಕಣ್ಣಿಗೆ ಕಟ್ಟುತ್ತದೆ. ಆ ಒಂದು ಸಾಲು ಊರೆಲ್ಲ ಸುತ್ತಿತು. ಗುಂಪುಗಳಲ್ಲಿ, ಆಫೀಸುಗಳ ಸುತ್ತೋಲೆಗಳಲ್ಲಿ, ಕಣ್ಣು ಕಾಣದವರೆಲ್ಲ ಸೇರಿ ಮಾಡಿದ್ದಂತೆ ಅದು, ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಅವನು ಕೇಳಿದ್ದನ್ನು ಜನ ಹೇಳತೊಡಗಿದ್ದರು. ಅದೇ ಅವರ ಕಸುಬಿನ ಗೆಲುವು.

ಇನ್ನರ್ಧವನ್ನೂ ಬೋಳಿಸಿ ಮುಖ ಒರೆಸಿಕೊಂಡು ಹೊರಗೆ ಬಂದಾಗ ಅಕ್ಕ ಸೀರೆಯುಟ್ಟು ತಯಾರಾಗಿ ಕೂತಿದ್ದಳು, ಮುಖ ಕಿಟಕಿಯ ಕಡೆಗೆ, ಕಿವಿ ಬಾಗಿಲ ಕಡೆಗೆ. ಕೇಳಿಸ್ತೇನೋ ಎಂದಳು. ಕೇಳಿಸಿತೆಂದೋ ಇಲ್ಲವೆಂದೋ ಹೇಳದೆ ಅವನು, ಅದೇನು ಬೆಳಿಗ್ಗೆ ಬೆಳಿಗ್ಗೆ ಎಂದು ಕೇಳಿದ. ಆಸ್ಪತ್ರೆಯವರು ಅದನ್ನು ಎಲ್ಲರಿಗೂ ಕಳಿಸಿದ್ದಾರೆ, ಯಾರೋ ನಿವೃತ್ತ ದಾದಿಯಂತೆ, ಪಾಪ ಮಂಡಿನೋವಂತೆ ಎಂದಳು. ಇವತ್ತು ತನ್ನನ್ನು ಆಡಳಿತದ ಮೇಡಂ ಕರೆದಿದ್ದಾರೆಂದೂ, ಪ್ರೋಗ್ರಾಮನ್ನು ಇಟ್ಟುಕೊಳ್ಳುವುದೋ ತೆಗೆದುಹಾಕುವುದೋ ಇವತ್ತೇ ತೀರ್ಮಾನವೆಂದೂ, ಗೊತ್ತಿದ್ದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದಿದ್ದಾರೆಂದೂ ಹೇಳಿದಳು. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ. ಬೆರಳುಗಳು ಮಾತ್ರ ಸೆರಗಿನ ಅಂಚನ್ನು ಹೊಸೆಯುತ್ತಿದ್ದವು.

‘ತೆಗೆದ್ರೆ ನಂಗೆ ಕೆಲಸ ಇಲ್ಲ ಕಣೋ. ಓಡಿಸಲ್ಲ, ಒಳ್ಳೆಯವರು ಅವರು. ಸಂಬಳ ಕೊಟ್ಟು ಒಂದು ಮೂಲೇಲಿ ಕೂರಿಸ್ತಾರೆ, ಬಂದೋರೆಲ್ಲ ಅಯ್ಯೋ ಪಾಪ ಅಂದ್ಕೊಂಡು ಹೋಗ್ತಾರೆ. ನನಗೆ ಅದು ಬೇಡ. ನೀನು ಬಾ. ನೀನು ಈ ಲೈನಿನವನು, ನಿನ್ನ ಮಾತಿಗೆ ತೂಕ ಇರತ್ತೆ.’

‘ನಾನು ಬಂದು ಏನು ಹೇಳ್ಲಿ ಅಕ್ಕ?’

‘ನಿನಗೆ ಗೊತ್ತಿರೋದನ್ನ ಹೇಳು. ಅಷ್ಟು ಸಾಕು.’

ಇವತ್ತು ಕಛೇರಿಯಲ್ಲಿ ಕೆಲಸವಿದೆ ಎನ್ನಬಹುದಾಗಿತ್ತು. ಹೊಟ್ಟೆ ಸರಿಯಿಲ್ಲ ಎನ್ನಬಹುದಾಗಿತ್ತು. ಆದರೆ ಅಕ್ಕ ಆಗಲೇ ಎದ್ದು ಕೈಚೀಲಕ್ಕೆ ನೀರಿನ ಸೀಸೆ ತುರುಕುತ್ತಿದ್ದಳು. ಬಟ್ಟೆ ಬದಲಾಯಿಸಿ ಬಂದವನ ಶರ್ಟಿನ ತೋಳು ಮುಟ್ಟಿ ನೋಡಿ, ಇಸ್ತ್ರಿ ಇಲ್ಲ, ಇನ್ನೊಂದು ಹಾಕಿಕೋ ಎಂದು ವಾಪಸು ಕಳಿಸಿದಳು. ತಲೆ ನರೆಯುತ್ತಿರುವ ಗಂಡಸು ಸುಮ್ಮನೆ ಒಳಗೆ ಹೋಗಿ ಇನ್ನೊಂದು ಶರ್ಟು ಹಾಕಿಕೊಂಡ.

ಬಸ್ಸಿನಲ್ಲಿ ಅಕ್ಕನಿಗೆ ಯಾರೋ ಎದ್ದು ಜಾಗ ಕೊಟ್ಟರು. ಅವನು ಕಂಬಿ ಹಿಡಿದು ಅವಳ ಪಕ್ಕ ನಿಂತ. ಅವಳ ಬೈತಲೆಯ ಹತ್ತಿರ ಕೂದಲು ತೆಳ್ಳಗಾಗಿರುವುದು ಅವನಿಗೆ ಮೇಲಿನಿಂದ ಕಾಣಿಸಿತು. ಮಾತು ಅವನಿಗೆ ಬಹಳ ತಡವಾಗಿ ಬಂತಂತೆ. ಇವನು ಮೂಗನೇ ಎಂದು ಮನೆಯವರು ಕೈಚೆಲ್ಲಿದ್ದಾಗ ಅಕ್ಕ, ಆಗ ತಾನೂ ಇಷ್ಟುದ್ದದವಳು, ಅವನ ಬಾಯಿಗೆ ಬೆರಳು ತಾಗಿಸಿಕೊಂಡು, ತುಟಿ ಹೇಗೆ ಆಡುತ್ತದೆಂದು ಮುಟ್ಟಿ ನೋಡಿಕೊಂಡು, ಒಂದೊಂದೇ ಮಾತು ಹೇಳಿಕೊಟ್ಟಿದ್ದಳಂತೆ. ಮಾತು ಬಂದ ಮೇಲೂ ಸಲಿಗೆಯಿಂದ ಮೂಗಪ್ಪ ಎಂದೇ ಕರೆಯುತ್ತಿದ್ದಳು. ಶಾಲೆಗೆ ಹೋಗುವ ದಾರಿಯಲ್ಲಿ ಅವನು ಕಂಡದ್ದನ್ನೆಲ್ಲ ಹೇಳುತ್ತಾ ಹೋಗಬೇಕು. ಎಡಗಡೆ ಲಾರಿ, ನೀಲಿ. ಮುಂದೆ ನಾಯಿ, ಮಲಗಿದೆ. ಒಬ್ಬ ಮುದುಕ, ನಮ್ಮನ್ನು ನೋಡ್ತಿದಾನೆ. ಅಕ್ಕ ಹೂಂ ಹೂಂ ಎನ್ನುತ್ತಾ ನಡೆಯುವಳು. ನಿಜವೇನೋ ಎಂದು ಒಮ್ಮೆಯೂ ಕೇಳಿರಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಅಕ್ಕನ ಭುಜ ಅವನ ತೊಡೆಗೆ ತಗುಲಿತು. ನಿನ್ನ ಮೈ ಯಾಕೆ ಹೀಗೆ ನಡುಗುತ್ತಿದೆ ಎಂದಳು. ಬಸ್ಸು ಅಲುಗಾಡುತ್ತಿಲ್ಲವೇ ಎಂದ.

ಆ ಪ್ರೋಗ್ರಾಮಿಗೆ ಮೊದಲು ಅವರ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಒತ್ತಕ್ಷರ, ವಟ್ರಸುಳಿ ಬಂದಲ್ಲೆಲ್ಲ ಮುಗ್ಗರಿಸುತ್ತಿತ್ತು, ‘ಹೃದಯ’ವನ್ನು ಎರಡು ತುಂಡು ಮಾಡಿ ಓದುತ್ತಿತ್ತು. ಹೀಗೆ ಬಿಟ್ಟರೆ ಆಗುವುದಿಲ್ಲವೆಂದು ಅಕ್ಕ ಅದನ್ನು ಮಾಡಿದವರಿಗೆ ಬರೆದಳು. ನೀವೇ ತಿದ್ದಿ ಕಳಿಸಿ ಎಂದು ಉತ್ತರ ಬಂತು. ಅದನ್ನು ಕೇಳಿ ಅವಳು ಎಷ್ಟು ಉಬ್ಬಿಹೋದಳೆಂದರೆ ಅವತ್ತೆಲ್ಲ ಮನೆಯಲ್ಲಿ ಗುನುಗಿಕೊಂಡೇ ಓಡಾಡಿದಳು. ದಿನಾ ಸಂಜೆ ಊಟವಾದ ಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ ಮೇಜಿನ ಮೇಲೇ ಕಂಪ್ಯೂಟರು ಇಟ್ಟುಕೊಂಡು ಶುರು ಮಾಡುವಳು. ಒಂದು ಪದ, ಅದು ಹೇಳುವುದು. ಸರಿಯಾ ತಪ್ಪಾ ಎಂದು ಅವನನ್ನು ಕೇಳುವಳು, ತನ್ನ ಕಿವಿಯೊಂದೇ ಸಾಲದೆಂದು. ಅವನು ಕೈ ತೊಳೆಯದೆ ಕೂತು, ತಪ್ಪು, ತಪ್ಪು, ಹಾಂ ಈಗ ಸರಿ, ಎನ್ನುತ್ತಿದ್ದ. ಒಂದು ಸಲ ‘ಮೂತ್ರಪಿಂಡ’ವನ್ನು ಅದು ಹೇಗೆ ಹೇಳಿತೆಂದರೆ ಇಬ್ಬರೂ ನಕ್ಕು ನಕ್ಕು ಅಕ್ಕನಿಗೆ ಬಿಕ್ಕಳಿಕೆ ಬಂತು. ಆ ಸಂಜೆಗಳಲ್ಲಿ ತಾನು ಸಂತೋಷವಾಗಿದ್ದೆ ಎಂದು ಬಸ್ಸಿನ ಕಂಬಿ ಹಿಡಿದು ನಿಂತವನಿಗೆ ಈಗ ಹೊಳೆಯಿತು. ಆ ಸಂತೋಷವನ್ನೇ ತೆಗೆದುಕೊಂಡು ಹೋಗಿ ಬೀಗರಿಗೆ ಕೊಟ್ಟು ಬಂದಿದ್ದ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇನ್ನೇನು. ಕಂಡಕ್ಟರು ಮುಂದೆ ಹೋಗಿ ಎಂದು ಬೆನ್ನು ತಳ್ಳಿದ, ಅವನು ಮುಂದೆ ಹೋದ.

ಆಸ್ಪತ್ರೆಯ ಆಡಳಿತದ ಮಹಡಿಯಲ್ಲಿ ಬೆಂಚಿನ ಮೇಲೆ ಕಾಯಬೇಕಾಯಿತು. ನೆಲ ಒರೆಸುತ್ತಿದ್ದವಳು ಅಕ್ಕನನ್ನು ಹೆಸರು ಹಿಡಿದು ಮಾತಾಡಿಸಿದಳು. ಹಾದುಹೋದ ಒಬ್ಬ ಡಾಕ್ಟರು, ನಿನ್ನೆಯ ವರದಿಯಲ್ಲಿ ನನ್ನ ತಪ್ಪನ್ನು ನೀವು ಹಿಡಿದಿರಿ, ಬಹಳ ಉಪಕಾರವಾಯಿತು ಎಂದು ನಿಂತು ಹೇಳಿ ಹೋದರು. ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. ಮನೆಯಲ್ಲಿ ಅವನು ನೋಡಿರದ ಬೆನ್ನು ಅದು. ಇಲ್ಲಿ ಇವಳು ಯಾರ ಅಕ್ಕನೂ ಅಲ್ಲ, ಕೆಲಸ ಬಲ್ಲ ಒಬ್ಬ ಹೆಂಗಸು ಎಂಬುದು ಅವನಿಗೆ ತಟ್ಟಿತು. ಹೇಳಿಬಿಡಬೇಕು ಎಂದುಕೊಂಡ. ಒಳಗೆ ಹೋದ ಕೂಡಲೇ, ಅವರು ಕೇಳುವುದಕ್ಕೆ ಮೊದಲೇ, ಆ ದಾದಿ ಎಂಬುವಳು ಇಲ್ಲವೇ ಇಲ್ಲ, ಅದು ನಾನು, ಪ್ರೋಗ್ರಾಮಿನಲ್ಲಿ ಏನೂ ದೋಷವಿಲ್ಲ ಎಂದುಬಿಡಬೇಕು. ನೌಕರಿ ಹೋದರೆ ಹೋಗಲಿ. ಮನಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡ. ಇಲ್ಲ, ಅಷ್ಟೂ ಬೇಡ, ಪ್ರೋಗ್ರಾಮು ಚೆನ್ನಾಗಿದೆ ಎಂದರೆ ಸಾಕು, ಮಿಕ್ಕದ್ದು ಯಾಕೆ. ಇನ್ನೂ ಚಿಕ್ಕದು ಮಾಡಿದ: ಚೆನ್ನಾಗಿದೆ. ಅದನ್ನು ಬಾಯಲ್ಲಿ ಇಟ್ಟುಕೊಂಡು, ಕರಗಿಹೋಗದ ಹಾಗೆ ಕಾಯುತ್ತಾ ಕೂತ.

ಆಡಳಿತದ ಮೇಡಂ ಕೆಟ್ಟವರಲ್ಲ. ಕನ್ನಡಕ ತಲೆಯ ಮೇಲೆ ಏರಿಸಿಕೊಂಡಿದ್ದರು, ಮೇಜಿನ ಕೆಳಗೆ ಕಾಲು ಬಾತಿದ್ದಕ್ಕೋ ಏನೋ ಚಪ್ಪಲಿ ಬಿಟ್ಟಿದ್ದರು. ಅವನ ಬರಹ ಅವರ ಮುಂದೆ ಅಚ್ಚಾಗಿ ಬಿದ್ದಿತ್ತು, ಊಟದ ಮೇಜಿನ ಸಾಲಿಗೆ ಯಾರೋ ಹಳದಿ ಬಳಿದಿದ್ದರು. ಮೇಡಂ ತಮ್ಮ ಕಷ್ಟವನ್ನೇ ಹೇಳಿಕೊಂಡರು. ಮೇಲಿನವರು ಓದಿ ಹೆದರಿದ್ದಾರೆ, ರೋಗಿಗಳ ವಿಷಯ ಹೊರಗೆ ಹೋದರೆ ತಮ್ಮ ತಲೆಯ ಮೇಲೆ ಬರುತ್ತದೆ, ಒಬ್ಬರಿಗೋಸ್ಕರ ಆ ದುಬಾರಿಯದನ್ನು ಕೊಳ್ಳಿ ಎಂದರೆ ಒಪ್ಪುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಕಂಪ್ಯೂಟರ್ ವಿಭಾಗದವನು, ತಾನೇ ಬಿಚ್ಚಿ ನೋಡಿದ್ದೇನೆ, ಕೆಟ್ಟದ್ದೇನೂ ಕಾಣಲಿಲ್ಲ ಎಂದ. ನೀವು ಒಳಗಿನವರು, ಹಿತ್ತಲ ಗಿಡ ಮದ್ದಲ್ಲ ಎಂದು ಮೇಡಂ ಬೇಸರದಿಂದ ನಕ್ಕರು. ಆಗ ಅಕ್ಕ ಮೆಲ್ಲಗೆ, ಸ್ಪಷ್ಟವಾಗಿ ಹೇಳಿದಳು.

‘ಅದರಲ್ಲಿ ಬರೆದಿದಾರಲ್ಲ ಮೇಡಂ, ಕಣ್ಣು ಕಾಣದವರು ತಿದ್ದಿದಾರೆ ಅಂತ. ಆ ಕಾಣದವಳು ನಾನೇ. ಓದೋ ಪದಗಳನ್ನ ತಿದ್ದಿದೀನಿ, ಬೇರೇನೂ ಮುಟ್ಟಿಲ್ಲ. ತಿದ್ದಿದ್ದು ಸರಿಯಾಗೇ ಇದೆ.’

ಮೇಡಂ ಕನ್ನಡಕ ಇಳಿಸಿ ಅಕ್ಕನನ್ನು ನೋಡಿದರು. ಆಮೇಲೆ, ಹಾಗಿದ್ದರೆ ನಿಮ್ಮ ಮಾತನ್ನು ನಾನು ಹೇಗಮ್ಮಾ ತೆಗೆದುಕೊಳ್ಳಲಿ, ನೀವೇ ಅದರ ಒಳಗಿದ್ದೀರಿ ಎಂದರು. ಅಕ್ಕನ ಕೆನ್ನೆ ಕೆಂಪಾಯಿತು. ಅವಳು ಅದನ್ನು ಹೆಮ್ಮೆಯಿಂದ ಹೇಳಿದ್ದಳು. ಆ ಹೆಮ್ಮೆ ಯಾವುದೋ ಅಪರಾಧ ಒಪ್ಪಿಕೊಂಡ ಹಾಗೆ ಮೇಜಿನ ಮೇಲೆ ಉಳಿಯಿತು. ಅವನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮೇಡಂ ಅವನ ಕಡೆ ತಿರುಗಿದರು. ಅವರ ಮುಖದಲ್ಲಿ ಅಧಿಕಾರವಿರಲಿಲ್ಲ, ಯಾರಾದರೂ ಈ ಗಂಟು ಬಿಡಿಸಿ ತಮ್ಮನ್ನು ಊಟಕ್ಕೆ ಕಳಿಸಿದರೆ ಸಾಕು ಎನ್ನುವ ಆಯಾಸವಿತ್ತು.

‘ನೀವು ಹೊರಗಿನವರು, ಈ ಕೆಲಸ ಗೊತ್ತಿರೋರು. ನೀವು ಒಂದು ಮಾತು ಹೇಳಿ. ಇದನ್ನ ಇಟ್ಕೊಂಡ್ರೆ ಏನೂ ತೊಂದರೆ ಇಲ್ಲ ತಾನೇ? ಇಲ್ಲ ಅನ್ನಿ, ನಾನು ಹಾಗೇ ಬರ್ಕೊಂಡು ಫೈಲು ಮುಚ್ಚಿಬಿಡ್ತೀನಿ.’

ಇಷ್ಟು ಸುಲಭವಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಬಾಗಿಲು ತೆರೆದು, ಚಾಪೆ ಹಾಸಿ ಒಳಗೆ ಬನ್ನಿ ಎಂದಂತಾಗಿತ್ತು. ಎರಡಕ್ಷರ, ಇಲ್ಲ. ಅಷ್ಟೇ. ಅಕ್ಕ ಅವನ ಕಡೆಗೆ ಕಿವಿಯಿಟ್ಟು ಕೂತಿದ್ದಳು. ಅವಳ ತುಟಿ, ಅವನಿಗೆ ಮಾತು ಕಲಿಸುವಾಗ ಹೀಗೇ ಇದ್ದಿರಬೇಕು, ಸ್ವಲ್ಪ ತೆರೆದಿತ್ತು. ಅವನು ಬಾಯಿ ತೆರೆದ. ಮೇಡಂ ಪೆನ್ನು ಎತ್ತಿಕೊಂಡರು. ಬರೆದುಕೊಳ್ಳುತ್ತಾರೆ ಎನ್ನುವುದು ಕಂಡ ಗಳಿಗೆಯಲ್ಲಿ ವರ್ಷಗಳಿಂದ ಕೆಂಪು ಗೀಟು ತಿಂದ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು.

‘ನೂರಕ್ಕೆ ನೂರು ತೊಂದರೆ ಇಲ್ಲ ಅಂತ ಯಾವುದನ್ನ ತಾನೇ ಹೇಳೋಕಾಗತ್ತೆ ಮೇಡಂ?’

ಆಡಿದ ಮೇಲೆ ಅದು ತನ್ನ ದನಿಯೆಂದು ಗೊತ್ತಾಯಿತು. ಅದರ ಬೆನ್ನಿಗೇ ಇನ್ನರ್ಧ ಹೇಳಬೇಕೆಂದು ತಡಬಡಿಸಿದ: ಹಾಗಂತ ಬೇಡ ಅನ್ನೋಕೆ ಕಾರಣ ಏನಿದೆ? ಅದೂ ಪ್ರಶ್ನೆಯೇ ಆಯಿತು. ಮೇಡಂ ಗೊಂದಲದಿಂದ, ಹಾಗಾದರೆ ತೊಂದರೆ ಇದೆ ಅಂತೀರೋ ಇಲ್ಲ ಅಂತೀರೋ ಎಂದು ಮಗುವನ್ನು ಕೇಳುವ ಹಾಗೆ ಕೇಳಿದರು. ಅದು ಅವರವರ ದೃಷ್ಟಿಯ ಮೇಲೆ ಅಲ್ಲವೇ ಎಂದು ಅವನ ಬಾಯಿಂದ ಬಂತು. ಕಂಪ್ಯೂಟರ್ ವಿಭಾಗದವನು ತಲೆ ತಗ್ಗಿಸಿದ. ಆ ಮಾತನ್ನು ಎಲ್ಲಿ ಕೂತು ಆಡಿದೆ, ಯಾರ ಪಕ್ಕದಲ್ಲಿ ಕೂತು ಆಡಿದೆ ಎಂದು ಅವನ ಮೈಯೆಲ್ಲ ಬೆವರಿತು. ಮೇಡಂ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕಾದರು, ಇನ್ನೂ ಏನಾದರೂ ಬರಬಹುದೆಂದು. ನಿಜಕ್ಕೂ ಕಾದರು. ಆಮೇಲೆ ಏನೋ ಬರೆದು ಸಹಿ ಹಾಕಿ, ಸದ್ಯಕ್ಕೆ ತೆಗೆದುಹಾಕುವುದು, ತನಿಖೆ ಮುಗಿದ ಮೇಲೆ ನೋಡುವುದು ಎಂದರು. ಅಕ್ಕನಿಗೆ, ನಿಮ್ಮ ಸಂಬಳಕ್ಕೆ ಏನೂ ತೊಂದರೆಯಿಲ್ಲ, ವಿಚಾರಣೆ ಕೌಂಟರಿನ ಪಕ್ಕ ಒಳ್ಳೆಯ ಕುರ್ಚಿ ಹಾಕಿಸಿಕೊಡುತ್ತೇನೆ, ಮೆತ್ತೆ ಬೇಕಾದರೂ ಹೇಳಿ, ಜನ ಬಂದರೆ ನಮಸ್ಕಾರ ಅನ್ನಿ ಸಾಕು ಎಂದರು. ಅವರ ದನಿಯಲ್ಲಿ ಆಗಲೇ ಅಯ್ಯೋ ಪಾಪ ಇತ್ತು. ಅಕ್ಕ ಥ್ಯಾಂಕ್ಸ್ ಮೇಡಂ ಎಂದು ಎದ್ದಳು.

ಇವತ್ತೊಂದು ದಿನ ಮನೆಗೆ ಹೋಗಿ, ನಾಳೆಯಿಂದ ಕೌಂಟರಿಗೆ ಬನ್ನಿ ಎಂದಿದ್ದರು. ತನ್ನ ಮೇಜಿನ ಹತ್ತಿರ ಹೋಗಿ ಅಕ್ಕ ಕಿವಿಗೆ ಸಿಕ್ಕಿಸಿಕೊಳ್ಳುವ ಸಾಧನವನ್ನು ಸುತ್ತಿ ಡ್ರಾಯರಿನಲ್ಲಿಟ್ಟಳು. ಅರ್ಧ ಟೈಪಾದ ವರದಿಯೊಂದಿತ್ತು, ಅದನ್ನು ಇನ್ನೊಬ್ಬಳಿಗೆ ಒಪ್ಪಿಸಿದಳು. ಡಾಕ್ಟರು ‘ಎಡ’ ಎಂದದ್ದು ತನಗೆ ಅನುಮಾನ, ಒಮ್ಮೆ ಕೇಳಿ ನೋಡು ಎಂದು ಹೇಳುವುದನ್ನು ಮರೆಯಲಿಲ್ಲ. ಅವನು ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ. ಬೈದರೆ ಚೆನ್ನಾಗಿತ್ತು. ಮೆಟ್ಟಿಲಿಳಿಯುವಾಗಲಾದರೂ, ಗೇಟು ದಾಟುವಾಗಲಾದರೂ ಬೈಯುತ್ತಾಳೆಂದು ಕಾದ. ಅವಳು ಅವನ ಮೊಣಕೈ ಹಿಡಿದು ಎಂದಿನಂತೆ ನಡೆದಳು. ಹಿಡಿತ ಬಿಗಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಬಿಸಿಲಿತ್ತು. ತಂಗುದಾಣದ ನೆರಳಿನಲ್ಲಿ ಕೈಯಲ್ಲಿ ಕೊಡೆ ಹಿಡಿದ ಒಬ್ಬ ಹೆಂಗಸು ನಿಂತಿದ್ದಳು, ಬೇರೆ ಯಾರೂ ಇರಲಿಲ್ಲ. ಎದುರಿನ ಗೋಡೆಗೆ ಯಾವುದೋ ಔಷಧದ ಚೀಟಿ ಅಂಟಿಸಿ ಅರ್ಧ ಕಿತ್ತಿದ್ದರು. ಅವನು ಅದನ್ನೇ ನೋಡುತ್ತಾ ನಿಂತ. ಹೇಳಿಬಿಟ್ಟರೆ ಹಗುರಾಗುತ್ತದೆ ಎನ್ನುವುದು ಗೊತ್ತಿತ್ತು. ಹಗುರಾಗುವುದು ತನಗೆ ಮಾತ್ರ, ಹೋದ ಕೆಲಸ ಅದರಿಂದ ಬರುವುದಿಲ್ಲ ಎನ್ನುವುದೂ ಗೊತ್ತಿತ್ತು. ಅದು ಗೊತ್ತಿದ್ದೂ, ಸುಸ್ತಾಗಿ, ತನ್ನ ಮೇಲೇ ವಾಕರಿಕೆ ಬಂದು, ಇನ್ನು ಹೊರಲಾರೆ ಎನ್ನಿಸಿ ಹೇಳಿದ.

‘ಅಕ್ಕ, ಆ ದಾದಿ ಬರೆದದ್ದು ಇದ್ಯಲ್ಲ. ಅದನ್ನ ಬರೆದೋನು ನಾನು.’

‘ಗೊತ್ತು,’ ಎಂದಳು ಅಕ್ಕ.

ಅವನಿಗೆ ಅರ್ಥವಾಗಲಿಲ್ಲ. ಎಲ್ಲಿಂದ ಗೊತ್ತಾಯಿತು ಎನ್ನಬೇಕೆಂದುಕೊಂಡು, ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡ. ಕೇಳದಿದ್ದರೂ ಅವಳು ಹೇಳಿದಳು. ರಸ್ತೆಯ ಕಡೆಗೇ ಮುಖ ಮಾಡಿ, ಯಾರದೋ ವರದಿ ಓದಿದ ಹಾಗೆ ಹೇಳಿದಳು.

‘ನನ್ನ ಹೆಸರು ಎಲ್ಲರಿಗೂ ಕಾಣೋ ಹಾಗೆ ಆ ಪ್ರೋಗ್ರಾಮಲ್ಲೇ ಇದೆ. ಊಟದ ಮೇಜು ಅಲ್ಲಿಲ್ಲ. ಬೆಳಿಗ್ಗೆ ಅದನ್ನ ಓದಿಸಿ ಓದಿಸಿ ಕೇಳಿದೆ, ನಾನೇ ತಪ್ಪು ತಿಳ್ಕೊಂಡಿರಬಹುದು ಅಂತ. ಆ ಮೇಜಿನ ಮುಂದೆ ಕೂತಿದ್ದೋರು ನಾವಿಬ್ರೇ ಕಣೋ.’

‘ಮತ್ತೆ ನನ್ನ ಯಾಕೆ...’

‘ಅದಕ್ಕೇ ಕರ್ಕೊಂಡು ಬಂದೆ. ಹೊಟ್ಟೆಪಾಡಿಗೆ ಎಲ್ಲೋ ಕೂತು ಬರೆದಿರ್ತಾನೆ, ನನ್ನ ಎದುರಿಗೆ ಹಾಗೆ ಹೇಳಲಾರ ಅಂದ್ಕೊಂಡೆ. ಪಕ್ಕದಲ್ಲಿ ನಾನು ಕೂತಿದ್ರೆ ಸಾಕು, ಮಿಕ್ಕದ್ದು ಅವನೇ ನೋಡ್ಕೋತಾನೆ ಅಂದ್ಕೊಂಡೆ.’

ಅವಳು ಅಳಲಿಲ್ಲ. ಅವಳ ದನಿಯಲ್ಲಿ ಇದ್ದದ್ದು ಸಿಟ್ಟೂ ಅಲ್ಲ, ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ಇನ್ನೂ ಯೋಚಿಸುತ್ತಿರುವವರ ಆಶ್ಚರ್ಯ. ಅವನು ಏನೇನೋ ಹೇಳಿದ. ನಾಳೆಯೇ ಹೋಗಿ ಮೇಡಂಗೆ ಎಲ್ಲ ಹೇಳುತ್ತೇನೆ, ಬರೆದು ಕೊಡುತ್ತೇನೆ, ಈ ನೌಕರಿ ಬಿಡುತ್ತೇನೆ ಎಂದ. ಒಂದೂ ಪ್ರಶ್ನೆಯಿರಲಿಲ್ಲ ಅದರಲ್ಲಿ, ಎಲ್ಲಕ್ಕೂ ಪೂರ್ಣವಿರಾಮವಿತ್ತು. ಅಕ್ಕ ಹೂಂ ಎನ್ನಲಿಲ್ಲ. ಬಿಸಿಲಿಗೆ ಅವಳ ಹಣೆಯ ಮೇಲೆ ಬೆವರು ಮೂಡಿತ್ತು, ಅದನ್ನು ಸೆರಗಿನಿಂದ ಒರೆಸಿಕೊಂಡಳು. ಹಾಗೆ ಒರೆಸಿಕೊಳ್ಳುವುದಕ್ಕೆ ಅವನ ಮೊಣಕೈ ಬಿಟ್ಟಳು.

ದೂರದಲ್ಲಿ ಬಸ್ಸು ಕಾಣಿಸಿತು. ಅವನು ಕಣ್ಣು ಕಿರಿದು ಮಾಡಿ ನಂಬರು ಓದಿದ, ಖಚಿತ ಮಾಡಿಕೊಂಡ. ಬಸ್ಸು ಬಂದು ಅವರ ಮುಂದೆಯೇ ನಿಂತು ಬಾಗಿಲು ತೆರೆಯಿತು.

‘ನಮ್ಮ ಬಸ್ಸೇ ಅಕ್ಕ. ಮನೆ ಕಡೆ ಹೋಗತ್ತೆ. ಹತ್ತು.’

ಅಕ್ಕ ಹತ್ತಲಿಲ್ಲ. ಅವನ ದನಿ ಬಂದ ಕಡೆಯಿಂದ ಮುಖವನ್ನು ಆಚೆಗೆ ತಿರುಗಿಸಿ, ಅಲ್ಲಿ ಯಾರೋ ನಿಂತಿದ್ದಾರೆಂದಷ್ಟೇ ತನಗೆ ಗೊತ್ತಿದ್ದ ಆ ಕೊಡೆಯ ಹೆಂಗಸನ್ನು, ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು.